ಪಾಲಾದ ಮನೆಯ ಎರಡು ವಿಮಾನ: ಮಲೇಷ್ಯಾನಾ, ಸಿಂಗಪುರನಾ?

ಅಕ್ಕ ಮೆಲ್ಬರ್ನ್‌ನಲ್ಲಿದ್ದಾಳೆ. ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಎರಡು ಸಲ ಹೋಗಿ ಬಂದೆ. ಮೊದಲ ಸಲ ಮಲೇಷ್ಯಾ ಏರ್‌ಲೈನ್ಸ್, ಎರಡನೇ ಸಲ ಸಿಂಗಪುರ ಏರ್‌ಲೈನ್ಸ್. ಎರಡನೇ ಸಲ ವಿಮಾನ ಹತ್ತಿ ಕೂತ ಕೂಡಲೇ ಅಮ್ಮ ಗಗನಸಖಿಯರನ್ನು ನೋಡಿ ನನ್ನ ತೋಳು ತಿವಿದಳು. "ಏನೋ, ಹೋದ ಸಲದ ಹುಡುಗೀರೂ ಹಿಂಗೇ ಉಟ್ಟಿದ್ರಲ್ವಾ?"

ಬಟ್ಟೆ ವಿಷಯದಲ್ಲಿ ಅಮ್ಮ ತಪ್ಪುವುದಿಲ್ಲ. ಮೈಗೆ ಕೂತ ಕುಪ್ಪಸ, ಪಾದದವರೆಗೆ ಬಾಟಿಕ್ ಲುಂಗಿ. ಇದಕ್ಕೆ ಸರೋಂಗ್ ಕೆಬಾಯ ಅನ್ನುತ್ತಾರೆ. ಬಣ್ಣ, ಹೂವು ಬೇರೆ ಬೇರೆ, ಉಡುಪಿನ ಧಾಟಿ ಒಂದೇ. ಯಾಕೆಂದರೆ ಎರಡೂ ಒಂದೇ ಮನೆಯವು. 1947ರಲ್ಲಿ ಐದೇ ಜನ ಪ್ರಯಾಣಿಕರು ಹಿಡಿಸುವ ಪುಟ್ಟ ವಿಮಾನ ಇಟ್ಟುಕೊಂಡು ಸಿಂಗಪುರದಿಂದ ಕೌಲಾಲಂಪುರ, ಇಪೋ, ಪೆನಾಂಗ್‌ಗೆ ಹಾರಾಟ ಶುರು ಮಾಡಿದ ಮಲಯನ್ ಏರ್‌ವೇಸ್ ಇವೆರಡರ ಮೂಲ. 1965ರಲ್ಲಿ ದೇಶಗಳು ಬೇರೆಯಾದವು, ವಿಮಾನ ಕಂಪನಿ ಮಾತ್ರ ಇನ್ನೂ ಏಳು ವರ್ಷ ಒಟ್ಟಿಗೇ ಇತ್ತು. ಕೊನೆಗೆ 1972ರ ಅಕ್ಟೋಬರ್ 1ಕ್ಕೆ ಅದೂ ಪಾಲಾಯಿತು.

ಪಾಲಾದ ರೀತಿ ನೋಡಿ. ಸಿಂಗಪುರ ಒಂದೇ ಊರಿನ ದೇಶ, ಒಳಗೆ ಹಾರಲು ಇನ್ನೊಂದು ಊರಿಲ್ಲ. ಹಾಗಾಗಿ ಬೋಯಿಂಗ್ ಜೆಟ್‌ಗಳೂ ಪರದೇಶದ ದಾರಿಗಳೂ ಅವರ ಪಾಲಿಗೆ ಬಂದವು. ಮಲೇಷ್ಯಾಕ್ಕೆ ಬಂದದ್ದು ಹೆಚ್ಚಾಗಿ ಚಿಕ್ಕ ಫಾಕರ್ ವಿಮಾನಗಳು, ಮನೆಯ ಊರುಗಳು, ಸಮುದ್ರದಾಚೆಯ ಬೋರ್ನಿಯೊ. ಆಗ ಇಟ್ಟುಕೊಂಡ ಹೆಸರಿನ ಚುಟುಕು ರೂಪ ಮಾಸ್. ಮಲಯ್ ಭಾಷೆಯಲ್ಲಿ ಮಾಸ್ ಅಂದರೆ ಚಿನ್ನ.

ಈ ಪಾಲು ಇವತ್ತಿಗೂ ಕಾಣುತ್ತದೆ. ಸಿಂಗಪುರದವರಿಗೆ ಎಲ್ಲರೂ ನೆಂಟರೇ, ಆದ್ದರಿಂದ ಉಪಚಾರ ಜಾಸ್ತಿ. ಕೆಬಾಯದ ಬಣ್ಣ ನೋಡಿ ಯಾರು ಹಿರಿಯರು ಅಂತ ಹೇಳಬಹುದು: ನೀಲಿ, ಅದರ ಮೇಲೆ ಹಸಿರು, ಅದಕ್ಕೂ ಮೇಲೆ ಕೆಂಪು. ಅಮ್ಮ ಇದನ್ನು ಕೇಳಿ ತಿಳಿದುಕೊಂಡು, ಆಮೇಲೆ ನೀರು ಬೇಕಾದಾಗಲೂ ಕೆಂಪಿನವರನ್ನೇ ಹುಡುಕುತ್ತಿದ್ದಳು! ಮಲೇಷ್ಯಾ ವಿಮಾನದಲ್ಲಿ ಅರ್ಧ ಜನ ತಮ್ಮ ಊರಿಗೆ ಹೊರಟವರು. ಪಕ್ಕದ ಸೀಟಿನ ತಮಿಳು ಅಜ್ಜಿ ಅಮ್ಮನ ಜೊತೆ ಹರಕು ಮುರುಕು ಮಾತಿನಲ್ಲೇ ಮೊಮ್ಮಕ್ಕಳ ಕಥೆ ಮುಗಿಸಿದರು. ನನಗೆ ಇದೇ ಹಿಡಿಸಿತು.

ಊಟದಲ್ಲಿ ನಾನೇ ಎಡವಟ್ಟು ಮಾಡಿದೆ. ಟಿಕೆಟ್ ತೆಗೆಯುವಾಗ 'ಹಿಂದೂ ಮೀಲ್' ಅಂತ ಕಂಡಿತು, ಒತ್ತಿಬಿಟ್ಟೆ. ತಟ್ಟೆಯಲ್ಲಿ ಬಂದದ್ದು ಕೋಳಿ. ಹಿಂದೂ ಮೀಲ್ ಅಂದರೆ ದನದ ಮಾಂಸ ಇಲ್ಲದ ಊಟ, ಅಷ್ಟೇ. ನಮಗೆ ಬೇಕಾದದ್ದು ಏಷ್ಯನ್ ವೆಜಿಟೇರಿಯನ್, ಅದರ ಕೋಡ್ ಎವಿಎಂಎಲ್. ಅದನ್ನೂ ಒಂದು ದಿನ ಮೊದಲೇ ಹೇಳಿರಬೇಕು. ಅಮ್ಮ ಆ ರಾತ್ರಿ ಬನ್ನು, ಹಣ್ಣು ತಿಂದು ಮಲಗಿದಳು. ನನ್ನ ಜೊತೆ ಮಾತಿಲ್ಲ.

ದೊಡ್ಡ ವ್ಯತ್ಯಾಸ ಇರುವುದು ವಿಮಾನ ಬದಲಿಸುವ ನಡುವಿನ ಊರಲ್ಲಿ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ವಯಸ್ಸಾದವರಿಗೆ ಚಿಂತೆಯಿಲ್ಲ. ಕಾಲಡಿ ಕಾರ್ಪೆಟ್, ಮೂರನೇ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟ, ದುಡ್ಡಿಲ್ಲದ ಸಿನಿಮಾ. ಆದರೆ ಊರೊಳಗೆ ಹೋಗಲು ನಮ್ಮ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ವೀಸಾ ಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಕೇಳುತ್ತಿಲ್ಲ. ನಮಗೆ ಕೌಲಾಲಂಪುರದಲ್ಲಿ ಹನ್ನೊಂದು ಗಂಟೆ ಬಿಡುವಿತ್ತು. ರೈಲು ಹತ್ತಿ ಅರ್ಧ ಗಂಟೆಯಲ್ಲಿ ಕೆಎಲ್ ಸೆಂಟ್ರಲ್, ಅಲ್ಲಿಂದ ನಡೆದುಕೊಂಡೇ ನಮ್ಮವರ ಬಡಾವಣೆ ಬ್ರಿಕ್‌ಫೀಲ್ಡ್ಸ್. ಬಾಳೆ ಎಲೆ, ಬಿಸಿ ಅನ್ನ, ರಸಂ, ಹಾಗಲಕಾಯಿ ಚಿಪ್ಸ್. ಬಡಿಸುವವನು ಮೂರನೇ ಸಲ ಅನ್ನ ತಂದಾಗ ಅಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಕೋಳಿಯ ಸಿಟ್ಟು ಇಳಿದದ್ದು ಆಗಲೇ.

ಮಲೇಷ್ಯಾ ಅಂದರೆ ಮನೆಯಲ್ಲಿ ಮಾವ ಇನ್ನೂ ಹೆದರುತ್ತಾರೆ. 2014ರ ಮಾರ್ಚ್‌ನಲ್ಲಿ 239 ಜನರಿದ್ದ ವಿಮಾನ ಕಾಣೆಯಾಯಿತು, ಜುಲೈನಲ್ಲಿ ಉಕ್ರೇನ್ ಮೇಲೆ ಇನ್ನೊಂದನ್ನು ಹೊಡೆದುರುಳಿಸಿದರು, 298 ಜನ ಹೋದರು. ಕಂಪನಿ ನೆಲಕಚ್ಚಿತು. ಸರ್ಕಾರದ ಖಜಾನಾ ನಿಧಿ ಪೂರ್ತಿ ತನ್ನ ಕೈಗೆ ತೆಗೆದುಕೊಂಡು, ಸುಮಾರು 6000 ಜನರನ್ನು ಕೆಲಸದಿಂದ ಬಿಡಿಸಿ, 2015ರಲ್ಲಿ ಹೊಸದಾಗಿ ನಿಲ್ಲಿಸಿತು. 2000ದಲ್ಲಿ ತೈಪೆಯಲ್ಲಿ ಸಿಂಗಪುರದ ವಿಮಾನ ಮುಚ್ಚಿದ್ದ ರನ್‌ವೇಗೆ ಹೋಗಿ 83 ಜನ ಸತ್ತದ್ದು ಮಾವನಿಗೆ ನೆನಪೇ ಇಲ್ಲ. ಹಳೇ ಲೆಕ್ಕ ಹಿಡಿದು ಟಿಕೆಟ್ ತೆಗೆಯುವುದರಲ್ಲಿ ನನಗೆ ನಂಬಿಕೆಯಿಲ್ಲ.

ದುಡ್ಡಿನಲ್ಲಿ ನಮಗೆ ಮಲೇಷ್ಯಾವೇ ಅಗ್ಗವಾಯಿತು. ಇಬ್ಬರ ಟಿಕೆಟ್‌ನಲ್ಲಿ ಉಳಿದದ್ದು ಅಕ್ಕನಿಗೊಂದು ರೇಷ್ಮೆ ಸೀರೆಗೆ ಸಾಕಾಯಿತು.

ಬರುವ ಫೆಬ್ರವರಿಯಲ್ಲಿ ಅಮ್ಮ ಒಬ್ಬಳೇ ಹೋಗಬೇಕು. ಸಿಂಗಪುರದ ಟಿಕೆಟ್ ತೆಗೆದು, ವೀಲ್‌ಚೇರ್ ಹೇಳಿ, ಎವಿಎಂಎಲ್ ಎರಡೆರಡು ಸಲ ನೋಡಿಕೊಂಡಿದ್ದೇನೆ. ಅವಳನ್ನು ಕರೆತರಲು ನಾನು ಏಪ್ರಿಲ್‌ನಲ್ಲಿ ಹೋಗುವುದು ಕೌಲಾಲಂಪುರದ ಮೇಲೆ. ಎಲೆ ಊಟದ ಹೊತ್ತಿಗೆ ಇಳಿಯುವ ವಿಮಾನ ಯಾವುದು ಅಂತ ಹುಡುಕುತ್ತಿದ್ದೇನೆ.