ಐನೂರು ಮೀನುಮರಿ ಮತ್ತು ನಮ್ಮ ಕೆರೆಯ ಕೋಡಿ

ಕೆರೆಗೆ ಮೀನುಮರಿ ಎಲ್ಲಿಂದ ತಂದಿರಿ ಅಂತ ನಮ್ಮ ಕಡೆ ಕೇಳುವವರು ಬಹಳ. ಹೋದ ವರ್ಷ ಜುಲೈಯಲ್ಲಿ ಶಿವಮೊಗ್ಗದ ಹತ್ತಿರ ಮೀನಿನ ಮೊಟ್ಟೆಯಿಂದ ಮರಿ ಮಾಡಿ ಮಾರುವ ಒಂದು ಚಿಕ್ಕ ಹ್ಯಾಚರಿಯಿಂದ ತಂದೆ. ಮರಿ ಒಳ್ಳೆಯದೋ ಅಲ್ಲವೋ ತಂದ ದಿನ ಗೊತ್ತಾಗುವುದಿಲ್ಲ. ಅದಕ್ಕೇ ಇನ್ನೊಂದು ಮಳೆಗಾಲ ಬರುವವರೆಗೆ ಕಾದು ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಹಳ್ಳಿ. ತೋಟದ ತಲೆಯಲ್ಲಿ 10 ಗುಂಟೆ ಕೆರೆ. ಅದರ ಹಿಂದಿನ ವರ್ಷ ಬೈಕಿಗೆ ಕ್ಯಾನು ಕಟ್ಟಿಕೊಂಡು ಮನೆಬಾಗಿಲಿಗೆ ಬಂದವನ ಹತ್ತಿರ ಮರಿ ತಗೊಂಡು ಕೆಟ್ಟಿದ್ದೆ. ಕಾಟ್ಲಾ ಅಂತ ಕೊಟ್ಟ. ಎರಡೇ ದಿನದಲ್ಲಿ ಅರ್ಧಕ್ಕರ್ಧ ಬೆಳ್ಳಗೆ ತೇಲಿದವು. ಉಳಿದವುಗಳಲ್ಲಿ ಕೆಲವಕ್ಕೆ ಮೀಸೆ ಇತ್ತು. ನಮ್ಮ ಮುರುಗೋಡೇ ಇರಬೇಕು ಅಂದುಕೊಂಡೆ. ಆರು ತಿಂಗಳಿಗೆ ಮೊಳದುದ್ದ ಆದಾಗ ಆಫ್ರಿಕನ್ ಕ್ಯಾಟ್‌ಫಿಶ್ ಅಂತ ಗೊತ್ತಾಯಿತು. ನಮ್ಮ ದೇಶದಲ್ಲಿ ಅದನ್ನು ಸಾಕುವುದಕ್ಕೇ ನಿಷೇಧವಿದೆ. ಕೆರೆಯಲ್ಲಿ ಕಪ್ಪೆಯಿಲ್ಲ, ಸಣ್ಣ ಮೀನಿಲ್ಲ, ಎಲ್ಲ ತಿಂದು ಮುಗಿಸಿತ್ತು. ಬೇಸಗೆಯಲ್ಲಿ ಪಂಪು ಹಚ್ಚಿ ಕೆರೆ ಬತ್ತಿಸಿ, ಕೆಸರಿಗೆ ಕೈ ಹಾಕಿ ಒಂದೊಂದನ್ನೇ ಎಳೆದು ತೆಗೆದೆವು. ಒಂದೇ ಒಂದು ಹಳ್ಳಕ್ಕೆ ಇಳಿದಿದ್ದರೂ ಅದು ತುಂಗೆಗೆ ಸೇರುತ್ತಿತ್ತು.

ಹಾಗಾಗಿ ಈ ಹ್ಯಾಚರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ ಪ್ರಶ್ನೆಯೇ ನನಗೆ ಹಿಡಿಸಿತು. 'ಕೆರೆ ಕೋಡಿ ಎಲ್ಲಿಗೆ ಹೋಗ್ತದೆ?' ಹಳ್ಳಕ್ಕೆ ಅಂದೆ. 'ಮೊದಲು ಕೋಡಿಗೆ ಜಾಲರಿ ಕಟ್ಟಿ, ಸುಣ್ಣ ಹಾಕಿ, ಸಗಣಿ ಹಾಕಿ. ಹದಿನೈದು ದಿನ ಬಿಟ್ಟು ಬನ್ನಿ' ಅಂದರು. ನಮ್ಮ ಮಣ್ಣು ಹುಳಿ, ಸುಣ್ಣವಿಲ್ಲದೆ ನೀರಿಗೆ ಹಸಿರು ಬರುವುದಿಲ್ಲ, ಹಸಿರಿಲ್ಲದೆ ಮರಿಗೆ ಮೇವಿಲ್ಲ. ನಾನು ಸಾವಿರ ಮರಿ ಕೇಳಿದ್ದೆ. 10 ಗುಂಟೆಗೆ 500 ಸಾಕು, ಜಾಸ್ತಿ ಬಿಟ್ಟರೆ ಎಲ್ಲವೂ ಬೆರಳುದ್ದಕ್ಕೇ ನಿಲ್ಲುತ್ತವೆ ಅಂತ ಹೆಚ್ಚಿಗೆ ಕೊಡಲೇ ಇಲ್ಲ. ಬಂದ ಗಿರಾಕಿಗೆ ಕಮ್ಮಿ ಮಾರುವವರನ್ನು ನಾನು ನೋಡಿದ್ದು ಅಲ್ಲೇ.

ಹೋದ ದಿನ ಗುಂಡಗಿನ ಸಿಮೆಂಟ್ ತೊಟ್ಟಿ ತೋರಿಸಿದರು. ನೀರು ನಿಧಾನಕ್ಕೆ ಸುತ್ತುತ್ತಿರುತ್ತದೆ, ಅದರಲ್ಲಿ ಸಾಬಕ್ಕಿ ಬೆಂದ ಹಾಗೆ ತೆಳ್ಳಗೆ ಹೊಳೆಯುವ ಮೊಟ್ಟೆಗಳು ಲೆಕ್ಕವಿಲ್ಲದಷ್ಟು. ಕಣ್ಣು ಹತ್ತಿರ ತಂದರೆ ಒಂದೊಂದರ ಒಳಗೂ ಕೂದಲೆಳೆಯಂಥದ್ದು ಮಿಸುಕುವುದು ಕಾಣುತ್ತದೆ. ಅವರು ಮರಿ ಮಾಡುವ ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಬಯಲಿನ ಮೀನುಗಳು. ನೆರೆ ಬಂದ ಹೊಳೆಯಲ್ಲಿ ಮೊಟ್ಟೆ ಇಡುವ ಜಾತಿ, ನಿಂತ ಕೆರೆಯಲ್ಲಿ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿ ತೋರಿಸಿದ ಮೇಲೇ ದೇಶದ ಕೆರೆಗಳಿಗೆ ಇವುಗಳ ಮರಿ ಧಾರಾಳವಾಗಿ ಸಿಗುವಂತಾಯಿತು. ಇಲ್ಲಿಯೂ ಸಂಜೆ ಚುಚ್ಚುಮದ್ದು ಕೊಟ್ಟರೆ ರಾತ್ರಿಯೇ ಮೊಟ್ಟೆ, ಮರುದಿನ ಮರಿ.

ಪ್ಯಾಕಿಂಗಿಗೆ ಪೂರ್ತಿ ಅಂಕ ಕೊಡುತ್ತೇನೆ. ಹಿಂದಿನ ದಿನವೇ ಮರಿಗಳಿಗೆ ಮೇವು ನಿಲ್ಲಿಸಿದ್ದರು, ದಾರಿಯಲ್ಲಿ ನೀರು ಗಲೀಜಾಗಬಾರದು ಅಂತ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ಗಾಜನೂರು, ಮಂಡಗದ್ದೆ ದಾಟಿ ಮನೆ ಮುಟ್ಟಿದ ಮೇಲೆ ಚೀಲಗಳನ್ನು ಹಾಗೇ ಕೆರೆಯಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದೆ. ಮರುದಿನ ಸತ್ತು ತೇಲಿದ್ದು ನಾಲ್ಕು. ತೌಡು, ಕಡಲೆ ಹಿಂಡಿ ಸಮಸಮ ಹಾಕಿ ಸಾಕಿದೆ. ಏಪ್ರಿಲ್‌ನಲ್ಲಿ ಬಲೆ ಎಳೆದಾಗ ಕಾಟ್ಲಾ ಮುಕ್ಕಾಲು ಕೆಜಿ ದಾಟಿತ್ತು.

ಕೊರತೆಯೂ ಇದೆ. ಬೆಳಿಗ್ಗೆ ಬನ್ನಿ ಅಂದವರು ಹನ್ನೊಂದರವರೆಗೆ ಕಾಯಿಸಿದರು, ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು. ಯಾವ ಜಾತಿ ಎಷ್ಟು ಅಂತ ಚೀಟಿ ಕೊಡಲಿಲ್ಲ, ಕೇಳಿ ಬರೆಸಿಕೊಳ್ಳಿ. ನಮ್ಮ ಹೊಳೆಯ ಮೀನು ಒಂದೂ ಅವರಲ್ಲಿಲ್ಲ, ನನಗೆ ನೋವಾದದ್ದು ಇದಕ್ಕೆ. ಶೃಂಗೇರಿಯ ಮೆಟ್ಟಿಲ ಬಳಿ, ನಮ್ಮ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮಂಡಕ್ಕಿಗೆ ಮುತ್ತುವ ದೇವರ ಮೀನು ಮಹಶೀರ್‌ನ ಮರಿ ಸಿಗುತ್ತದಾ ಅಂದೆ. ಇಲ್ಲ ಅಂದರು. ಸಿಕ್ಕಿದರೂ ಹೊಳೆಗೆ ಬಿಡುವುದು ನಮ್ಮಂಥವರ ಕೆಲಸವಲ್ಲ ಅಂತ ಆಮೇಲೆ ಓದಿ ತಿಳಿದೆ. ಮಹಾರಾಷ್ಟ್ರದ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದುಬಿಟ್ಟರು. ಅವು ಹೆಚ್ಚಿದವು, ಕಾವೇರಿಯದ್ದೇ ಆದ ಬೆನ್ನುಗೂನಿನ ಮಹಶೀರ್ ಅಳಿವಿನ ಅಂಚಿಗೆ ಹೋಯಿತು.

ನನ್ನ ತಮ್ಮನ ಮಗಳು ಅಮೆರಿಕದ ಆರೆಗಾನ್‌ನಲ್ಲಿದ್ದಾಳೆ. ಅಲ್ಲಿಯ ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಹತ್ತಿ ಬರುತ್ತದೆ. 'ದೊಡ್ಡಪ್ಪಾ, ಥೇಟ್ ನಮ್ಮ ಹತ್ತುಮೀನು' ಅಂದಳು. ಮಳೆಗೆ ನೀರಿನೆದುರು ಮೇಲೆ ಹತ್ತಿ ಬರುವ ಮೀನಿಗೆ ನಮ್ಮ ಕಡೆ ಹಾಗನ್ನುತ್ತೇವೆ. ಅಣೆಕಟ್ಟು ಕಟ್ಟಿ ದಾರಿ ಮುಚ್ಚಿ, ಅದಕ್ಕೆ ಬದಲು ಹ್ಯಾಚರಿ ಕಟ್ಟಿದರಂತೆ. ಹ್ಯಾಚರಿಗಳು ಕೋಟಿಗಟ್ಟಲೆ ಮರಿ ಬಿಟ್ಟರೂ ಕಾಡು ಸಾಲ್ಮನ್ ಚೇತರಿಸಲಿಲ್ಲ. ಅಲ್ಲಿಯ ಕ್ಲಾಮತ್ ಹೊಳೆಯ ನಾಲ್ಕು ಅಣೆಕಟ್ಟು ಒಡೆದು ಮುಗಿಸಿದ್ದು 2024ರಲ್ಲಿ. ಅದೇ ಅಕ್ಟೋಬರಿನಲ್ಲಿ ಸಾಲ್ಮನ್ ಆ ಜಾಗ ದಾಟಿ ಮೇಲೆ ಹತ್ತಿತು.

ನಮ್ಮ ಹತ್ತುಮೀನು ಮೊದಲ ಮಳೆಗೆ ಹಳ್ಳ ಹತ್ತಿ ಗದ್ದೆಗೆ ಬಂದು ಮೊಟ್ಟೆಯಿಡುತ್ತಿತ್ತು. ನಾನು ಹುಡುಗನಾಗಿದ್ದಾಗ ಅಪ್ಪ ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟರೆ ಬೆಳಗಾಗುವುದರಲ್ಲಿ ಬುಟ್ಟಿ ತುಂಬುತ್ತಿತ್ತು. ಆ ಗದ್ದೆಯನ್ನು ತೋಟ ಮಾಡಿದವನು ನಾನೇ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವುದೂ ಮೀನು ಹತ್ತುವ ಕಾಲದಲ್ಲೇ, ಮೈಲುತುತ್ತ ಮೀನಿಗೆ ವಿಷ. ಎಷ್ಟೋ ವರ್ಷ ಆ ದ್ರಾವಣದ ಡ್ರಮ್ಮು ಹಳ್ಳದಲ್ಲೇ ತೊಳೆದಿದ್ದೇವೆ. ಈಗ ಮನೆ ಹಿಂದಿನ ಗುಂಡಿಯ ಹತ್ತಿರ ತೊಳೆಯುತ್ತೇವೆ.

ಈ ಜೂನ್ ಎರಡನೇ ವಾರ ಜೋರು ಮಳೆ ಬಂದ ರಾತ್ರಿ ಕೋಡಿ ನೋಡಲು ಹೋದೆ. ಟಾರ್ಚ್ ಬಿಟ್ಟು ನೋಡಿದರೆ ಜಾಲರಿಯ ಕೆಳಗಡೆ ಬೆರಳುದ್ದದ ಬೆಳ್ಳಿ ಮೀನು ಹನ್ನೊಂದು. ಹಾರುವುದು, ತಂತಿಗೆ ಮೂತಿ ಬಡಿಯುವುದು, ಬೀಳುವುದು, ಮತ್ತೆ ಹಾರುವುದು. ಹೊಟ್ಟೆ ತುಂಬ ಮೊಟ್ಟೆ. ಜಾಲರಿ ತೆಗೆದರೆ ಕಾಟ್ಲಾ ಹಳ್ಳಕ್ಕೆ ಇಳಿಯುತ್ತದೆ. ಮಗನನ್ನು ಕರೆದು ಬಕೆಟ್ ತರಿಸಿದೆ. ಹನ್ನೊಂದನ್ನೂ ಕೈಯಲ್ಲೇ ಹಿಡಿದು, ಕೆರೆಯ ಮೇಲೆ ಬೀಜದ ಭತ್ತಕ್ಕೆ ಅಂತ ಉಳಿಸಿಕೊಂಡಿರುವ ಒಂದೇ ಗದ್ದೆಗೆ ಹೊತ್ತು ಹಾಕಿದೆವು.