ಲಿನಕ್ಸ್‌ನಲ್ಲಿ ಮನೆ ರೆಕಾರ್ಡಿಂಗ್: ಮೂರು ಸೌಂಡ್ ಕಾರ್ಡ್‌ಗಳ ಹೋಲಿಕೆ

ಲಿನಕ್ಸ್‌ನಲ್ಲಿ ರೆಕಾರ್ಡಿಂಗ್ ಆಗುತ್ತಾ ಅಂತ ಕೇಳುವವರು ಈಗ ಕಡಿಮೆ. ಯಾವ ಸೌಂಡ್ ಕಾರ್ಡ್ ತಗೊಳ್ಳಲಿ ಅಂತ ಕೇಳುವವರೇ ಜಾಸ್ತಿ. ಅದೇ ಮೈಕ್, ಅದೇ ಗಿಟಾರ್, ಅದೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ಕಾರ್ಡ್‌ಗಳನ್ನು ಬದಲಿಸಿ ಬದಲಿಸಿ ನೋಡಿದ್ದೇನೆ: ಬೆಹ್ರಿಂಗರ್ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 (ಮೂರನೇ ಜನರೇಷನ್) ಮತ್ತು ಮೋಟು ಎಂ2. ಮೂರಕ್ಕೂ ಎರಡೆರಡು ಇನ್‌ಪುಟ್. ಮೂರಕ್ಕೂ ಯುಎಸ್‌ಬಿಯಿಂದಲೇ ಕರೆಂಟ್. ಮೂರೂ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಹೋಗುತ್ತವೆ. ಡಬ್ಬದ ಮೇಲಿನ ಬರಹ ಓದಿ ಆರಿಸುವುದಾದರೆ ಇಲ್ಲಿಗೇ ಗೊಂದಲ ಶುರು.

ಲ್ಯಾಪ್‌ಟಾಪಿನ ಸ್ವಂತ ಮೈಕ್ ಜ್ಯಾಕ್ ಈ ಪಂದ್ಯಕ್ಕೇ ಬರುವುದಿಲ್ಲ. ಅದಕ್ಕೆ ಸ್ಟುಡಿಯೋ ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಹಾಕೋಕೆ ಆಗಲ್ಲ, ಕಂಡೆನ್ಸರ್ ಮೈಕಿಗೆ ಕೇಬಲ್ ಮೂಲಕವೇ ಹೋಗಬೇಕಾದ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್ ಪವರ್ ಕೂಡ ಅದರಲ್ಲಿಲ್ಲ.

ಲಿನಕ್ಸ್ ಬಳಸುವವರಿಗೆ ಯಾರಾದರೂ ಮೊದಲು ಹೇಳುವ ಮಾತು, 'ಕ್ಲಾಸ್ ಕಂಪ್ಲೈಂಟ್ ಕಾರ್ಡ್ ತಗೊಳ್ಳಿ.' ಸರಿಯಾದ ಮಾತೇ. ಯುಎಸ್‌ಬಿ ಆಡಿಯೋದ ಸಾಮಾನ್ಯ ನಿಯಮಕ್ಕೆ ತಕ್ಕಂತೆ ಮಾಡಿದ ಕಾರ್ಡ್ ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಡ್ರೈವರ್ ಇರುತ್ತದೆ. ಕೇಬಲ್ ಚುಚ್ಚಿದರೆ ಸಾಕು, ಕರ್ನಲ್‌ನ ಸೌಂಡ್ ವ್ಯವಸ್ಥೆಯಾದ ಆಲ್ಸಾ ಅದನ್ನು ಗುರುತು ಹಿಡಿಯುತ್ತದೆ. ಆದರೆ ಸೌಂಡ್ ಬಂತು ಅಂದಮಾತ್ರಕ್ಕೆ ಎಲ್ಲ ಬಂತು ಅಂತಲ್ಲ. ಸ್ನೇಹಿತರಿಂದ ತಂದ ಇನ್ನೊಂದು ಕಾರ್ಡ್ ನೋಡಿದೆ, ಹೆಸರು ಬೇಡ. ಮುಂಭಾಗದಲ್ಲಿ ಒಂದೇ ದೊಡ್ಡ ನಾಬ್, ನೋಡೋಕೆ ಚೆಂದ. ಡೈರೆಕ್ಟ್ ಮಾನಿಟರ್ (ಮೈಕಿನ ಸೌಂಡ್ ಕಂಪ್ಯೂಟರ್ ಸುತ್ತದೆ ನೇರ ಹೆಡ್‌ಫೋನಿಗೆ ಬರುವುದು), ಮಿಕ್ಸರ್ ಎಲ್ಲಾ ವಿಂಡೋಸ್ ಮತ್ತು ಮ್ಯಾಕ್ ಆ್ಯಪ್ ಒಳಗೆ. ರೆಕಾರ್ಡಿಂಗ್ ಆಯಿತು, ಆದರೆ ಹಾಡುವಾಗ ನನ್ನ ದನಿ ಹೆಡ್‌ಫೋನಿನಲ್ಲಿ ಎಷ್ಟು ಕೇಳಬೇಕು ಅಂತ ಬದಲಿಸೋಕೆ ಆಗಲೇ ಇಲ್ಲ. ಅಂದಿನಿಂದ ಪ್ರಿಆ್ಯಂಪ್ (ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಭಾಗ) ಹೊಗಳಿಕೆ ಓದುವ ಮೊದಲು ಕಾರ್ಡಿನ ಮುಂಭಾಗದ ಫೋಟೋ ನೋಡುತ್ತೇನೆ. ಬೇಕಾದದ್ದಕ್ಕೆಲ್ಲ ಗುಂಡಿ ಇದೆಯಾ ಅಂತ.

ಆ ಲೆಕ್ಕದಲ್ಲಿ ಬೆಹ್ರಿಂಗರ್ ನಿರಾಳ. ಒಳಬರುವ ಸಿಗ್ನಲ್ ಏರಿಸೋಕೆ ಎರಡು ಗೇನ್ ನಾಬ್, ಲೈನ್/ಇನ್ಸ್ಟ್ರುಮೆಂಟ್ ಗುಂಡಿ, ಜೋರಾದ ಸಿಗ್ನಲ್ ತಗ್ಗಿಸುವ ಪ್ಯಾಡ್, ಡೈರೆಕ್ಟ್ ಮಾನಿಟರ್, ಎಲ್ಲಾ ಕೈಗೆ ಸಿಗುತ್ತದೆ. ಅದಕ್ಕೆ ಅಂತ ಯಾವ ಸಾಫ್ಟ್‌ವೇರೂ ಬೇಡ. ಫ್ಯಾಂಟಮ್ ಪವರ್ ಸ್ವಿಚ್ ಮಾತ್ರ ಹಿಂಭಾಗದಲ್ಲಿದೆ, ಎರಡೂ ಇನ್‌ಪುಟ್‌ಗೆ ಒಂದೇ. ಒಂದು ಕಂಡೆನ್ಸರ್ ಮೈಕ್, ಒಂದು ಗಿಟಾರ್ ಇಟ್ಟುಕೊಂಡವರಿಗೆ ಇಷ್ಟು ಧಾರಾಳ ಸಾಕು.

ಸ್ಕಾರ್ಲೆಟ್ ಕತೆ ಸ್ವಲ್ಪ ಉದ್ದ. ಮೂರನೇ ಜನರೇಷನ್ ಕಾರ್ಡನ್ನು ಹೊಸದಾಗಿ ಚುಚ್ಚಿದರೆ ಅದು ಪೆನ್‌ಡ್ರೈವ್ ಥರ ಕೂಡ ಕಾಣಿಸುತ್ತದೆ. ಅದಕ್ಕೆ ಎಂಎಸ್‌ಡಿ ಮೋಡ್ ಅಂತ ಹೆಸರು, ನೋಂದಣಿಯ ದಾರಿ ತೋರಿಸೋಕೆ ಇಟ್ಟದ್ದು. ಅದು ಆಫ್ ಆಗುವವರೆಗೆ ಕಾರ್ಡಿನ ಪೂರ್ತಿ ಸೌಲಭ್ಯ ಸಿಗುವುದಿಲ್ಲ. 48 ವೋಲ್ಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕೇಬಲ್ ಚುಚ್ಚಿದರೆ ಆಫ್ ಆಗುತ್ತದೆ. ಇದು ಗೊತ್ತಿಲ್ಲದವರು ಸುಮ್ನೆ ಡ್ರೈವರ್ ಹುಡುಕುತ್ತಾ ಕೂರುತ್ತಾರೆ.

ಅದಾದ ಮೇಲೆ ಮಾತ್ರ ಮಜಾ ಇದೆ. ಜೆಫ್ರಿ ಬೆನೆಟ್ ಬರೆದ ಮಿಕ್ಸರ್ ಡ್ರೈವರ್ ಕರ್ನಲ್ ಒಳಗೇ ಇದೆ. ಮೂರನೇ ಜನರೇಷನ್‌ಗೆ ಕರ್ನಲ್ 5.14ರಿಂದ, ನಾಲ್ಕನೆಯದಕ್ಕೆ 6.8ರಿಂದ ಬೆಂಬಲವಿದೆ. ಅವರದೇ ಆಲ್ಸಾ-ಸ್ಕಾರ್ಲೆಟ್-ಜಿಯುಐ ಅನ್ನೋ ಆ್ಯಪ್ ಹಾಕಿಕೊಂಡರೆ ಏರ್ (ದನಿಗೆ ಹೊಳಪು ಕೊಡುವ ಮೋಡ್), ಇನ್ಸ್ಟ್ರುಮೆಂಟ್, ಫ್ಯಾಂಟಮ್, ಡೈರೆಕ್ಟ್ ಮಾನಿಟರ್ ಎಲ್ಲಾ ಪರದೆ ಮೇಲೆ. ಹಾಗಂತ ಗುಂಡಿಗಳೇನೂ ಮಾಯವಾಗಿಲ್ಲ, ಮುಂಭಾಗದಲ್ಲೂ ಇವೆ. ಗೇನ್ ನಾಬ್ ಸುತ್ತ ಬೆಳಗುವ ಉಂಗುರ ನನಗೆ ತುಂಬಾ ಹಿಡಿಸಿತು. ಹಸಿರು ಇದ್ದರೆ ಸರಿ, ಕಿತ್ತಳೆ ಆದರೆ ಹುಷಾರು, ಕೆಂಪಾದರೆ ಟೇಕ್ ಹೋಯಿತು. ಹಾಡುತ್ತಾ ಓರೆಗಣ್ಣಿನಲ್ಲೇ ನೋಡಬಹುದು.

ಮೋಟು ಎಂ2 ಇನ್ನೂ ಒಂದು ಹೆಜ್ಜೆ ಮುಂದೆ. ಮುಂಭಾಗದಲ್ಲೇ ಬಣ್ಣದ ಪುಟ್ಟ ಪರದೆ, ಒಳಬರುವ ಮತ್ತು ಹೊರಹೋಗುವ ಲೆವೆಲ್ ಎರಡೂ ಕಾಣುತ್ತದೆ. ಪ್ರತಿ ಚಾನೆಲ್‌ಗೂ ಬೇರೆ 48 ವೋಲ್ಟ್ ಗುಂಡಿ, ಬೇರೆ ಮಾನಿಟರ್ ಗುಂಡಿ. ಮೂರರಲ್ಲಿ ಹೆಡ್‌ಫೋನ್ ಕೇಳೋಕೆ ಹಿತ ಅನಿಸಿದ್ದು ಇದರಲ್ಲೇ. ಇದರ ಲೂಪ್‌ಬ್ಯಾಕ್ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ, ಕಂಪ್ಯೂಟರ್ ನುಡಿಸುವ ಸೌಂಡನ್ನೇ ವಾಪಸ್ ರೆಕಾರ್ಡ್ ಮಾಡುವುದು. ಲಿನಕ್ಸ್‌ನಲ್ಲಿ ಅದಕ್ಕೋಸ್ಕರ ಕಾಸು ಸುರಿಯಬೇಡಿ. ಆ್ಯಪ್‌ಗಳ ಸೌಂಡನ್ನು ಅತ್ತಿತ್ತ ಸಾಗಿಸುವ ಪೈಪ್‌ವೈರ್ ಇದ್ದರೆ ಬ್ರೌಸರ್‌ನಿಂದ ಆರ್ಡರ್ (Ardour) ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಗೆರೆ ಎಳೆದಂತೆ ಜೋಡಿಸಬಹುದು, ಯಾವ ಕಾರ್ಡಿದ್ದರೂ ಸರಿ. ಲೂಪ್‌ಬ್ಯಾಕ್ ಸೇರಿ ನಾಲ್ಕು ಚಾನೆಲ್ ಕಾಣುವುದರಿಂದ ಡೆಸ್ಕ್‌ಟಾಪ್ ಇದನ್ನು ಸರೌಂಡ್ ಸಾಧನ ಅಂದುಕೊಳ್ಳುವುದೂ ಉಂಟು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ 'ಪ್ರೊ ಆಡಿಯೋ' ಪ್ರೊಫೈಲ್ ಆರಿಸಿದರೆ ಚಾನೆಲ್‌ಗಳು ಇದ್ದ ಹಾಗೇ ಸಿಗುತ್ತವೆ.

ಲೇಟೆನ್ಸಿ, ಅಂದರೆ ಹಾಡಿದ್ದು ಕಂಪ್ಯೂಟರ್ ಸುತ್ತಿ ಕಿವಿಗೆ ಬರುವಷ್ಟರಲ್ಲಿ ಆಗುವ ತಡ, ಆ ವಿಷಯದಲ್ಲಿ ಮೂರರ ನಡುವೆ ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸೌಂಡಿನ ತುಣುಕು) ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3. ಒಳಗೆ ಹೋಗಿ ಹೊರಗೆ ಬರುವ ಹೊತ್ತಿಗೆ ಯುಎಸ್‌ಬಿ, ಕನ್ವರ್ಟರ್‌ಗಳ ಪಾಲೂ ಸೇರಿ ಅದರ ಎರಡರಷ್ಟಕ್ಕಿಂತ ಜಾಸ್ತಿಯೇ ಆಗುತ್ತದೆ. 128ರಲ್ಲಿ ಚಟ್ ಚಟ್ ಸದ್ದು ಬಂದರೆ ಕಾರ್ಡನ್ನು ಬೈಯುವ ಮೊದಲು ಟರ್ಮಿನಲ್‌ನಲ್ಲಿ ಪೈಪ್‌ವೈರ್‌ನ ಪಿಡಬ್ಲ್ಯೂ-ಟಾಪ್ (pw-top) ತೆರೆದು ಎರರ್ ಸಂಖ್ಯೆ ಏರುತ್ತಿದೆಯಾ ನೋಡಿ. ಏರುತ್ತಿದ್ದರೆ ಲ್ಯಾಪ್‌ಟಾಪ್ ಸಮಯಕ್ಕೆ ಸರಿಯಾಗಿ ಬಫರ್ ತುಂಬುತ್ತಿಲ್ಲ ಅಂತ ಅರ್ಥ. ವೈಫೈ ಆಫ್ ಮಾಡಿ, ಹಬ್ ಬಿಟ್ಟು ನೇರ ಚುಚ್ಚಿ, ಸಿಪಿಯು ವೇಗ ನಿಯಂತ್ರಿಸುವ ಗವರ್ನರ್ ಸೆಟ್ಟಿಂಗನ್ನು ಪರ್ಫಾರ್ಮೆನ್ಸ್‌ಗೆ ಹಾಕಿ. ಅಷ್ಟಾದರೂ ನಿಲ್ಲದಿದ್ದರೆ 256ಕ್ಕೆ ಹೋಗಿ, ಹಾಡುವಾಗ ಡೈರೆಕ್ಟ್ ಮಾನಿಟರ್ ಬಳಸಿ. ಆಗ ಬಫರ್ ಎಷ್ಟಿದ್ದರೇನು, ಅಲ್ವಾ? ಒಂದೇ ಕೊರತೆ: ಮೂರರಲ್ಲೂ ಡೈರೆಕ್ಟ್ ಮಾನಿಟರ್ ಅಂದರೆ ಆನ್-ಆಫ್, ಹೆಚ್ಚೆಂದರೆ ಮೊನೊ-ಸ್ಟೀರಿಯೊ ಅಷ್ಟೇ, ಮಿಕ್ಸ್ ನಾಬ್ ಇಲ್ಲ. ಹಿನ್ನೆಲೆ ಟ್ರ್ಯಾಕ್ ಜೋರಾಯಿತು ಅನಿಸಿದರೆ ಆರ್ಡರ್ ಒಳಗೆ ತಗ್ಗಿಸಬೇಕು.

ನನ್ನ ಮೇಜಿನ ಮೇಲೆ ಈಗ ಇರುವುದು ಸ್ಕಾರ್ಲೆಟ್. ಮೋಟು ಸೌಂಡ್ ಒಂದು ಕೂದಲೆಳೆ ಚೆನ್ನಾಗಿದೆ ಅಂತ ಒಪ್ಪುತ್ತೇನೆ. ಆದರೆ ಕಾರ್ಡಿನ ಪ್ರತಿ ಸ್ವಿಚ್ಚೂ ಲಿನಕ್ಸ್‌ನಿಂದಲೇ ಕೈಗೆ ಸಿಗುವ ಸುಖ ಬೇರೆ. ಬರೀ ದನಿ ಮತ್ತು ಗಿಟಾರ್‌ಗೆ, ಮೊದಲ ಕಾರ್ಡ್ ಅಂತ ಕೊಳ್ಳುವವರಿಗೆ ನಾನು ಬೆಹ್ರಿಂಗರ್ ಅಂತಲೇ ಹೇಳುತ್ತೇನೆ. ಉಳಿದ ದುಡ್ಡನ್ನು ಮೈಕಿಗೆ ಹಾಕಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮಾರುವವರ ಹತ್ತಿರ ವಿಂಡೋಸ್ ಅಥವಾ ಮ್ಯಾಕ್ ಇದೆಯಾ ಕೇಳಿ, ಫರ್ಮ್‌ವೇರ್ (ಕಾರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಅಲ್ಲೇ ಮಾಡಿಸಿಕೊಂಡು ಬನ್ನಿ. ಬಹಳಷ್ಟು ಕಂಪನಿಗಳ ಅಪ್‌ಡೇಟರ್ ಲಿನಕ್ಸ್‌ನಲ್ಲಿ ಓಡುವುದಿಲ್ಲ.