ಪುಟ್ಟ ಮಕ್ಕಳ ಜೊತೆ ಬೇಸಿಗೆಯಲ್ಲಿ ಮೈಸೂರು ಜೂ: ಅರ್ಧ ನೋಡಿ, ಹತ್ತೂವರೆಗೆ ಹೊರಡಿ

ಏಪ್ರಿಲ್ ಹತ್ತು ದಾಟಿ ಶಾಲೆಗೆ ರಜೆ ಸಿಕ್ಕಿತೆಂದರೆ, ಎರಡರಿಂದ ಆರು ವರ್ಷದ ಮಕ್ಕಳಿರುವ ಮನೆಗಳಲ್ಲಿ ದಿನಾ ಒಂದೇ ಪ್ರಶ್ನೆ: ಇವತ್ತು ಎಲ್ಲಿಗೆ? ಮೈಸೂರಿನಲ್ಲಿ ಇದಕ್ಕೆ ಮೊದಲ ಉತ್ತರ ಈಗಲೂ ಶ್ರೀ ಚಾಮರಾಜೇಂದ್ರ ಮೃಗಾಲಯವೇ. 1892ರಲ್ಲಿ ಶುರುವಾದ ಈ ಜೂ ಇವತ್ತು 157 ಎಕರೆಗೆ ಹರಡಿದೆ. ಹಳೆಯ ದೊಡ್ಡ ಮರಗಳ ನೆರಳು ದಾರಿಯುದ್ದಕ್ಕೂ ಸಿಗುತ್ತದೆ, ನೆಲ ಸಮತಟ್ಟಾಗಿದೆ, ಅರಮನೆಯಿಂದ ಎರಡು ಕಿಲೋಮೀಟರಿನೊಳಗೇ ಇದೆ. ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದೇ ಹೇಳಬೇಕು. ಆದರೆ ಟಿಕೆಟ್ ಕೊಟ್ಟಿದ್ದೇವೆ, ಪೂರ್ತಿ ನೋಡಿಯೇ ಬರಬೇಕು ಎಂಬ ಹಟಕ್ಕೆ ಬಿದ್ದವರ ದಿನ ಇಲ್ಲೇ ಹಾಳಾಗುವುದು.

ಪೂರ್ತಿ ಸುತ್ತು ಬಂದರೆ ಸುಮಾರು ಮೂರು ಕಿಲೋಮೀಟರ್. ದೊಡ್ಡವರಿಗೆ ಅದು ಎರಡೂವರೆ ಗಂಟೆಯ ಕೆಲಸ. ನಾಲ್ಕು ವರ್ಷದ ಮಗು ಮೊದಲ ಮುಕ್ಕಾಲು ಗಂಟೆ ಓಡುತ್ತದೆ, ಆಮೇಲೆ ಅರ್ಧ ಗಂಟೆ ನಡೆಯುತ್ತದೆ, ಅದಾದ ಮೇಲೆ ಎತ್ತಿಕೋ ಎನ್ನುತ್ತದೆ. ಹದಿನೈದು ಕಿಲೋ ತೂಕವನ್ನು ಸೊಂಟದ ಮೇಲಿಟ್ಟುಕೊಂಡು ಹನ್ನೊಂದರ ಬಿಸಿಲಲ್ಲಿ ಒಂದೂವರೆ ಕಿಲೋಮೀಟರ್ ನಡೆಯುವವರಿಗೆ ಹುಲಿ ಕಂಡರೂ ಒಂದೇ, ಕಾಣದಿದ್ದರೂ ಒಂದೇ.

ಬಾಗಿಲು ತೆರೆಯುವುದು ಬೆಳಿಗ್ಗೆ ಎಂಟೂವರೆಗೆ. ಆ ಹೊತ್ತಿಗೆ ಗೇಟಿನ ಮುಂದೆ ಇರಬೇಕು. ಬಿಸಿಲು ಕಡಿಮೆ ಎನ್ನುವುದರ ಜೊತೆಗೆ ಇನ್ನೊಂದು ಕಾರಣವೂ ಇದೆ. ಹುಲಿ, ಕರಡಿ, ಚಿರತೆಗಳು ಓಡಾಡುವುದು ತಂಪು ಹೊತ್ತಿನಲ್ಲಿ. ಹತ್ತೂವರೆ ದಾಟಿದರೆ ಪೊದೆಯ ಹಿಂದೆ, ಮರದ ಬುಡದಲ್ಲಿ ಮಲಗಿಬಿಡುತ್ತವೆ. ‘ಅಗೋ ನೋಡು, ಅಲ್ಲಿ, ಆ ಕಲ್ಲಿನ ಪಕ್ಕ’ ಎಂದು ತೋರಿಸಿದರೂ ಮೂರು ವರ್ಷದ ಮಗುವಿಗೆ ನೆರಳಿನಲ್ಲಿ ಬೆರೆತ ಪಟ್ಟೆ ಕಾಣುವುದಿಲ್ಲ. ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ತೆಗೆದಿಟ್ಟರೆ ಸಾಲಿನಲ್ಲಿ ನಿಲ್ಲುವ ಹೊತ್ತು ಉಳಿಯುತ್ತದೆ. ದರ ಆಗಾಗ ಬದಲಾಗುತ್ತದೆ, ಅಲ್ಲೇ ನೋಡಿಕೊಳ್ಳಿ. ವಾರದ ರಜೆ ಮಂಗಳವಾರ. ಬೇಸಿಗೆ ರಜೆಯಲ್ಲಿ ಕೆಲವು ಮಂಗಳವಾರ ತೆರೆದಿರುವುದೂ ಉಂಟು, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಭಾನುವಾರ ಮಾತ್ರ ಬೇಡವೇ ಬೇಡ. ಬುಧವಾರ, ಗುರುವಾರ ಹೋದರೆ ಮಗುವಿನ ಕೈ ಬಿಟ್ಟು ನಡೆಯುವಷ್ಟು ಜಾಗ ಇರುತ್ತದೆ.

ಯಾವ ಪ್ರಾಣಿ ನೋಡಬೇಕು ಎನ್ನುವುದನ್ನು ಮನೆಯಲ್ಲೇ ಮಗುವಿನ ಜೊತೆ ಮಾತಾಡಿ, ನಾಲ್ಕೇ ನಾಲ್ಕು ಆರಿಸಿಕೊಳ್ಳಿ. ಆರಿಸುವಾಗ ಮಗುವಿನ ಎತ್ತರ ನೆನಪಿರಲಿ. ಇಲ್ಲಿ ಬಹಳಷ್ಟು ಪ್ರಾಣಿಗಳಿಗೆ ಬೋನಿಲ್ಲ. ತಡೆಗೋಡೆ, ಅದರಾಚೆ ಕಂದಕ, ಕಂದಕದಾಚೆ ಬಯಲು. ದೊಡ್ಡವರ ಕಣ್ಣಿಗೆ ಬಹಳ ಚೆಂದ. ಆದರೆ ಗೋಡೆ ಎದೆಮಟ್ಟಕ್ಕಿದ್ದರೆ ಮಗುವಿಗೆ ಕಾಣುವುದು ಬರೀ ಗೋಡೆ. ಜಿರಾಫೆಗೂ ಆನೆಗೂ ಈ ತೊಂದರೆಯಿಲ್ಲ, ಕೆಳಗಿನಿಂದಲೇ ಕಾಣುತ್ತವೆ. ಹಾವುಗಳಿರುವುದು ಗಾಜಿನ ಹಿಂದೆ, ಮಕ್ಕಳು ಮೂಗು ಒತ್ತಿ ನಿಂತು ನೋಡಬಹುದು. ದಕ್ಷಿಣ ಅಮೆರಿಕದ ಹಸಿರು ಅನಕೊಂಡ ಇಲ್ಲಿದೆ. 2021ರಲ್ಲಿ ಜರ್ಮನಿಯಿಂದ ಗೊರಿಲ್ಲಾಗಳು ಬಂದವು. ಐದು ದಾಟಿದ ಮಕ್ಕಳು ಗೊರಿಲ್ಲಾ ಮುಂದಿನಿಂದ ಕದಲುವುದೇ ಇಲ್ಲ. ಹಾಗೆ ನಿಂತರೆ ನಿಲ್ಲಲು ಬಿಡಿ. ಮುಂದಿನ ಪ್ರಾಣಿಗೆ ಎಳೆದುಕೊಂಡು ಹೋದರೆ ಎರಡೂ ದಕ್ಕುವುದಿಲ್ಲ.

ಗೋಡೆಯ ಮೇಲೆ ಮಗುವನ್ನು ಕೂರಿಸಿ ಫೋಟೊ ತೆಗೆಯುವವರು ಪ್ರತಿ ರಜೆಯಲ್ಲೂ ಕಾಣುತ್ತಾರೆ. ದಯವಿಟ್ಟು ಬೇಡ, ಆಚೆ ಕಂದಕ ಇದೆ. ಎತ್ತಿ ತೋರಿಸಬೇಕೆಂದರೆ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ನಿಂತು, ಹೆಗಲ ಮೇಲೆ ಕೂರಿಸಿಕೊಂಡು, ಎರಡೂ ಕಾಲು ಹಿಡಿದುಕೊಳ್ಳಿ.

ಬ್ಯಾಟರಿ ಗಾಡಿ ಇದೆ, ಅದಕ್ಕೆ ಬೇರೆ ಟಿಕೆಟ್. ಅಜ್ಜಿ ತಾತ ಜೊತೆಗಿದ್ದರೆ ಅದು ದೊಡ್ಡ ಉಪಕಾರ. ಮಕ್ಕಳಿಗೆ ಗಾಡಿಯಲ್ಲಿ ಕೂರುವುದೇ ಖುಷಿ. ಪ್ರಾಣಿ ನೋಡುವ ಲೆಕ್ಕದಲ್ಲಿ ಮಾತ್ರ ಅಷ್ಟಕ್ಕಷ್ಟೆ. ಬೆಳಿಗ್ಗೆ ನಡೆದು ನೋಡಿ, ಸುಸ್ತಾದ ಮೇಲೆ ಗಾಡಿ ಹತ್ತೋಣ ಎಂದುಕೊಂಡವರಿಗೆ ರಜೆ ದಿನಗಳಲ್ಲಿ ಸೀಟು ಸಿಗುವುದು ಕಷ್ಟ. ಬೇಕೆಂದರೆ ಮೊದಲೇ ತೀರ್ಮಾನಿಸಿ. ತಳ್ಳುಗಾಡಿ ತಂದರೆ ಚಕ್ರಕ್ಕೆ ಅಡ್ಡಿಯಿಲ್ಲ. ಬಿಸಿಲು ಬೀಳುತ್ತದೆಂದು ಅದರ ಮೇಲೆ ವೇಲು, ಶಾಲು ಹೊದಿಸಬೇಡಿ. ಗಾಳಿ ನಿಂತು ಒಳಗೆ ಕಾವು ಏರುತ್ತದೆ, ಮಲಗಿದ ಮಗು ಅಳುವುದೂ ಇಲ್ಲ. ಕೊಡೆ ಹಿಡಿಯಿರಿ.

ಒಳಗೆ ಪ್ಲಾಸ್ಟಿಕ್ ನಿಷೇಧ, ಗೇಟಿನಲ್ಲೇ ಬ್ಯಾಗು ನೋಡುತ್ತಾರೆ. ಸ್ಟೀಲ್ ಬಾಟಲಿಯಲ್ಲಿ ಮಗುವೊಂದಕ್ಕೆ ಅರ್ಧ ಲೀಟರ್ ನೀರು ಇರಲಿ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಸಿ. ಬಾಯಾರಿಕೆ ಎಂದು ಮಗು ತಾನಾಗಿ ಕೇಳುವ ಹೊತ್ತಿಗೆ ತಡವಾಗಿರುತ್ತದೆ. ಓಆರ್‌ಎಸ್ ಒಯ್ಯುವವರು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಊಟದ ಡಬ್ಬಿ ನೀವು ಬಂದ ಗಾಡಿಯಲ್ಲೇ ಇರಲಿ. ಬಿಸಿಲಿಗೆ ಮೊಸರನ್ನ ಹುಳಿಯಾಗುತ್ತದೆ ಎನ್ನುವವರು ಕಲಸುವ ರೀತಿ ಬದಲಿಸಬೇಕು: ಬಿಸಿ ಅನ್ನವನ್ನು ಮೆತ್ತಗೆ ಕಿವುಚಿ, ಒಂದು ಬಟ್ಟಲು ಅನ್ನಕ್ಕೆ ಒಂದೂವರೆ ಬಟ್ಟಲು ಕಾಯಿಸಿ ಆರಿಸಿದ ಹಾಲು, ಬರೀ ಎರಡು ಚಮಚ ಮೊಸರು. ಏಳು ಗಂಟೆಗೆ ಕಲಸಿ ಒದ್ದೆ ಬಟ್ಟೆ ಸುತ್ತಿಟ್ಟರೆ ಹನ್ನೊಂದಕ್ಕೆ ಹದವಾಗಿ ಹೆಪ್ಪಾಗಿರುತ್ತದೆ.

ಪಕ್ಕದಲ್ಲೇ ಕಾರಂಜಿ ಕೆರೆ. ಜೂ ಜೊತೆ ಜಂಟಿ ಟಿಕೆಟ್ ಸಿಗುತ್ತದೆ, ಅದೇ ದಿನ ಎರಡನ್ನೂ ಮುಗಿಸುವ ಆಸೆಯೂ ಹುಟ್ಟುತ್ತದೆ. ಆರು ದಾಟದ ಮಕ್ಕಳಿದ್ದರೆ ಬೇರೆ ದಿನ ಹೋಗಿ. ಒಳಹೊಕ್ಕು ನಡೆಯುವ ಪಕ್ಷಿಧಾಮ ಇಲ್ಲಿದೆ, ನವಿಲುಗಳು ಕೈಗೆಟಕುವಷ್ಟು ಹತ್ತಿರ ಬರುತ್ತವೆ. ಮಕ್ಕಳು ಅಟ್ಟಿಸಿಕೊಂಡು ಹೋಗದಂತೆ ಮೊದಲೇ ಹೇಳಿಡಿ. ಬಿಸಿಲು ತಡೆಯಲಾರದ ದಿನಕ್ಕೆ ಇದೇ ಕೆರೆಯ ಬದಿಯ ಪ್ರಾದೇಶಿಕ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯ ಒಳ್ಳೆಯ ಆಸರೆ. 1995ರಲ್ಲಿ ಶುರುವಾಗಿದ್ದು, ಸೋಮವಾರ ರಜೆ. ಜೂ ಮುಂದೆ ಸಾಲು ನೋಡಿ ಬೆಚ್ಚಿ ವಾಪಸಾಗುವವರು ಇಷ್ಟು ಹತ್ತಿರದ ಈ ಜಾಗವನ್ನು ನೆನೆಸಿಕೊಳ್ಳುವುದೇ ಇಲ್ಲ ಎನ್ನುವುದು ಬೇಸರದ ಸಂಗತಿ.

ಮೂರು ವರ್ಷದೊಳಗಿನವರಿಗೆ ಜೂಗಿಂತ ರೈಲು ಮ್ಯೂಸಿಯಂ ವಾಸಿ. ರೈಲು ನಿಲ್ದಾಣದ ಹತ್ತಿರ, ಕೆಆರ್‌ಎಸ್ ರಸ್ತೆಯಲ್ಲಿ ಸಿಎಫ್‌ಟಿಆರ್‌ಐ ಎದುರು, 1979ರಿಂದ ಇದೆ. ಜಾಗ ಚಿಕ್ಕದು, ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ, ಪುಟ್ಟ ರೈಲಿನಲ್ಲಿ ಒಂದು ಸುತ್ತು ಬೇರೆ. ಹಳೆಯ ಎಂಜಿನ್‌ಗಳು ಬಯಲಲ್ಲಿ ನಿಂತಿವೆ, ಬಿಸಿಲೇರಿದ ಮೇಲೆ ಕಬ್ಬಿಣ ಕಾದಿರುತ್ತದೆ. ಕೈಹಿಡಿ, ಮೆಟ್ಟಿಲುಗಳನ್ನು ಮೊದಲು ನೀವು ಮುಟ್ಟಿ ನೋಡಿ ಆಮೇಲೆ ಮಗುವನ್ನು ಹತ್ತಿಸಿ. ಚಡ್ಡಿಯ ಬದಲು ಪ್ಯಾಂಟ್ ತೊಡಿಸಿ ಕರೆತನ್ನಿ.

ರಂಗನತಿಟ್ಟು ಪಕ್ಷಿಧಾಮಕ್ಕೆ ಮೇ ತಿಂಗಳೇ ಒಳ್ಳೆಯದು. ಗೂಡುಗಳಲ್ಲಿ ಮರಿಗಳಿರುತ್ತವೆ, ದೋಣಿ ಬಂಡೆಗಳ ಪಕ್ಕದಲ್ಲೇ ಸಾಗುವುದರಿಂದ ಮೊಸಳೆಯೂ ಬರಿಗಣ್ಣಿಗೆ ಕಾಣುತ್ತದೆ. ಪುಟ್ಟ ಮಕ್ಕಳಿಗೆ ಬೈನಾಕ್ಯುಲರ್ ಹಿಡಿದು ನೋಡಲು ಬರುವುದಿಲ್ಲ, ಒಯ್ಯುವ ಅಗತ್ಯವೂ ಇಲ್ಲ. ಲೈಫ್ ಜಾಕೆಟ್ ಮಗುವಿನ ಅಳತೆಯದನ್ನೇ ಕೇಳಿ ಪಡೆಯಿರಿ, ದೊಡ್ಡವರದು ಹಾಕಿದರೆ ನೀರಿನಲ್ಲಿ ತಲೆಯ ಮೇಲಿಂದ ಜಾರಿಹೋಗುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಕಾವೇರಿ ದಡದ ಬಲಮುರಿಗೆ ನೀರಾಟಕ್ಕೆಂದು ಪುಟ್ಟ ಮಕ್ಕಳನ್ನು ಕರೆದೊಯ್ಯಬೇಡಿ. ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಆಳ ಮೇಲಿನಿಂದ ತಿಳಿಯುವುದಿಲ್ಲ.

ಮಂಡ್ಯ, ಮದ್ದೂರು ಕಡೆಯವರಿಗೆ ಮೈಸೂರಿನವರೆಗೂ ಬರುವ ಅಗತ್ಯವಿಲ್ಲ, ಕೊಕ್ಕರೆ ಬೆಳ್ಳೂರು ಇದೆ. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಮನೆಯ ಜಗಲಿಯಲ್ಲಿ ನಿಂತರೂ ಮರಿಗಳ ಗಲಾಟೆ ಕೇಳುತ್ತದೆ. ಜೂನ್ ಕಳೆದರೆ ಮರಗಳು ಖಾಲಿ, ಹಾಗಾಗಿ ಮೇ ಮುಗಿಯುವುದರೊಳಗೆ ಹೋಗಿ. ಗೂಡಿನ ಕೆಳಗೆ ನಿಂತರೆ ಹಿಕ್ಕೆ ಬೀಳುವುದು ಗ್ಯಾರಂಟಿ, ಮೀನಿನ ವಾಸನೆಯೂ ಇರುತ್ತದೆ. ಮಕ್ಕಳಿಗೆ ಟೋಪಿ ಹಾಕಿ, ಹಳೇ ಅಂಗಿ ತೊಡಿಸಿ, ಬದಲಿ ಬಟ್ಟೆ ಒಂದು ಜೊತೆ ಇಟ್ಟುಕೊಳ್ಳಿ. ಪಟಾಕಿ ಸದ್ದು, ಕಲ್ಲೆಸೆತ ಊರವರು ಸಹಿಸುವುದಿಲ್ಲ, ಸಹಿಸಲೂಬಾರದು.